ಖಲಾಸ್: ತುಪ್ಪದಿಂದ ಖುಲಾಸೆಯವರೆಗೆ

(ಮಂಗಳೂರಿನಲ್ಲಿ, ಕೊಲ್ಲಿ ದೇಶಗಳಿಗೆ ಹೋಗಿ ಬಂದವರು ಮತ್ತು ಹೋಗಲು ಹೊರಟವರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

‘ಖಲಾಸ್’ ಅಂದರೆ ಏನು ಅಂತ ಈ ಸಭೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಿಮ್ಮಲ್ಲಿ ಅರ್ಧಕ್ಕರ್ಧ ಜನ ದುಬೈ, ದಮ್ಮಾಮ್, ಕುವೈತ್, ಮಸ್ಕತ್ ಅಂತ ವರ್ಷಗಟ್ಟಲೆ ದುಡಿದು ಬಂದವರು. ಉಳಿದವರು ಊರು ಬಿಡದೆಯೇ ಈ ಪದ ಕಲಿತವರು. ಅಂಗಡಿಯಲ್ಲಿ ಸಕ್ಕರೆ ಖಲಾಸ್, ಕಿಸೆಯಲ್ಲಿ ದುಡ್ಡು ಖಲಾಸ್, ಸಿನಿಮಾದ ಕೊನೆಯಲ್ಲಿ ವಿಲನ್ ಖಲಾಸ್. ಮುಗಿಯಿತು, ತೀರಿತು, ಸತ್ತ. ನಮ್ಮ ಕನ್ನಡದಲ್ಲಿ ಈ ಪದಕ್ಕೆ ಇರುವುದು ಇಷ್ಟೇ ಕೆಲಸ.

ಅರಬಿಯಲ್ಲಿ ಹಾಗಲ್ಲ. ಕೈರೋದ ಬೀದಿಯಲ್ಲೋ ಅಬುಧಾಬಿಯ ಕಚೇರಿಯಲ್ಲೋ ಒಂದು ಗಂಟೆ ಸುಮ್ಮನೆ ಕಿವಿಗೊಟ್ಟು ಕೂತರೆ ಈ ಪದ ಎಷ್ಟು ಸಲ ಬೀಳುತ್ತದೆಯೋ ಲೆಕ್ಕ ಸಿಗುವುದಿಲ್ಲ. ಅದರಲ್ಲಿ ‘ಮುಗಿಯಿತು’ ಅನ್ನುವ ನಮ್ಮ ಅರ್ಥ ಸರಿಯಾಗಿ ಕೂರುವುದು ಕೆಲವು ಕಡೆ ಮಾತ್ರ. ಉಳಿದ ಕಡೆಯೂ ಅದೇ ಅರ್ಥ ಹಾಕಿಕೊಂಡರೆ ಮಾತು ತಪ್ಪಾಗಿ ಕೇಳಿಸುತ್ತದೆ. ಇವತ್ತು ನಾನು ಹೇಳಹೊರಟಿರುವುದು ಮುಖ್ಯವಾಗಿ ಇದನ್ನೇ. ಈ ಪದದ ಹೊಟ್ಟೆಯಲ್ಲಿ ಇರುವುದು ಕೊನೆಯಲ್ಲ, ಬಿಡಿಸಿಕೊಂಡು ತಿಳಿಯಾಗುವುದು. ಅಷ್ಟು ಹಿಡಿದುಕೊಂಡರೆ ಉಳಿದ ಅರ್ಥಗಳೆಲ್ಲ ತಾವಾಗಿ ಬಿಚ್ಚಿಕೊಳ್ಳುತ್ತವೆ.

ಮೊದಲು ಬಳಕೆ ನೋಡೋಣ. ಸೂಕ್‌ನಲ್ಲಿ, ಅಂದರೆ ಅರಬರ ಪೇಟೆಯಲ್ಲಿ, ಚೌಕಾಸಿ ನಡೆದಿದೆ. ಅಂಗಡಿಯವನು 70 ಎಂದ, ನೀವು 40 ಎಂದಿರಿ, ಎಳೆದಾಟ ಸ್ವಲ್ಪ ಹೊತ್ತು ನಡೆಯಿತು. ಕೊನೆಗೆ ಅವನು ಕೈ ಎತ್ತಿ ‘ಖಲಾಸ್, 50’ ಅನ್ನುತ್ತಾನೆ. ಅದು ‘ವ್ಯಾಪಾರ ಮುಗಿಯಿತು, ನಡಿ’ ಅಂತ ಅಲ್ಲ. ‘ಆಯ್ತು ಮಾರಾಯ, 50ಕ್ಕೆ ತಗೋ’ ಅಂತ. ಫೋನಿನಲ್ಲಿ ‘ಖಲಾಸ್, ಬುಕ್ರಾ’ ಅಂದರೆ ‘ಸರಿ ಹಾಗಾದರೆ, ನಾಳೆ’. ಮಗು ಬಿದ್ದು ಮೊಣಕಾಲು ತರಚಿಕೊಂಡು ಅಳುತ್ತಿದೆ, ತಾಯಿ ಎತ್ತಿಕೊಂಡು ಬೆನ್ನು ತಟ್ಟುತ್ತಾ ‘ಖಲಾಸ್ ಯಾ ಹಬೀಬೀ, ಖಲಾಸ್’ ಅನ್ನುತ್ತಾಳೆ. ಇಲ್ಲಿ ಅದು ನಮ್ಮ ‘ಆಯ್ತು ಆಯ್ತು, ಏನಾಗಿಲ್ಲ ಪುಟ್ಟ’. ಅದೇ ಮಗು ಹತ್ತು ನಿಮಿಷ ಬಿಟ್ಟು ತಮ್ಮನ ಕೂದಲು ಎಳೆದರೆ ಅದೇ ತಾಯಿ ಅದೇ ಪದವನ್ನು ಬಾಯಿಂದ ಹೊಡೆದ ಹಾಗೆ ಹೇಳುತ್ತಾಳೆ: ‘ಖಲಾಸ್!’ ಆಯ್ತು ಸಾಕು, ನಿಲ್ಲಿಸು. ಒಬ್ಬರು ನಿಮ್ಮ ಕಾಲು ತುಳಿದು ಕ್ಷಮೆ ಕೇಳಿದರು, ನೀವು ‘ಖಲಾಸ್, ಖಲಾಸ್’ ಅಂದಿರಿ ಅನ್ನಿ. ಬಿಡಿ, ಪರವಾಗಿಲ್ಲ ಅಂತ ಅರ್ಥ. ಈಜಿಪ್ಟಿನವರು ಇದನ್ನು ಇನ್ನೂ ಒಂದು ಕಡೆ ತೂರಿಸುತ್ತಾರೆ. ‘ಅನಾ ಖಲಾಸ್, ಮಿಶ್ ಆಯಿಜ್’ ಅಂದರೆ ‘ನಾನು ತೀರ್ಮಾನಿಸಿಬಿಟ್ಟೆ, ನನಗಿನ್ನು ಬೇಡ’. ಅಲ್ಲಿ ಮನಸ್ಸಿನೊಳಗಿನ ಗೊಂದಲ ಕಳೆದಿದೆ ಅನ್ನುವುದೇ ಮುಖ್ಯ.

ಹೊಸದಾಗಿ ಹೋದ ನಮ್ಮ ಹುಡುಗರಿಗೆ ತೊಂದರೆಯಾಗುವುದು ಸರ್ಕಾರಿ ಕೌಂಟರುಗಳಲ್ಲಿ. ಗುಮಾಸ್ತ ಕಾಗದ ತೆಗೆದುಕೊಂಡು ತಿರುಗಿಸಿ ನೋಡಿ, ಮುಖ ಎತ್ತದೆ ‘ಖಲಾಸ್’ ಅನ್ನುತ್ತಾನೆ. ಊರಿನಲ್ಲಿ ಕಲಿತ ಅರ್ಥ ಹಿಡಿದುಕೊಂಡವರಿಗೆ ಎದೆ ಧಸಕ್ ಅನ್ನುತ್ತದೆ. ವೀಸಾ ಹೋಯಿತು, ಅರ್ಜಿ ಹೋಯಿತು ಅಂತ. ಅವನು ಹೇಳಿದ್ದು ‘ಸರಿ ಇದೆ, ನಿನ್ನ ಕೆಲಸ ಆಯ್ತು, ಹೋಗಬಹುದು’ ಅಂತ. ತಿರಸ್ಕಾರ ಹೇಳುವುದಕ್ಕೆ ಅರಬಿಯಲ್ಲಿ ಬೇರೆ ಪದಗಳಿವೆ, ಅವನ್ನು ಹೇಳುವಾಗ ಅವರು ಸಾಮಾನ್ಯವಾಗಿ ಮುಖ ಎತ್ತುತ್ತಾರೆ.

ನಾನು ಈಗ ಕೊಟ್ಟ ಉದಾಹರಣೆಗಳಲ್ಲಿ ಕನ್ನಡಕ್ಕೆ ಮತ್ತೆ ಮತ್ತೆ ಬಂದ ಪದ ಯಾವುದು, ಗಮನಿಸಿದಿರಾ? ‘ಆಯ್ತು.’ ಒಪ್ಪಿಗೆಗೂ ಆಯ್ತು, ಸಮಾಧಾನಕ್ಕೂ ಆಯ್ತು, ಗದರಿಕೆಗೂ ‘ಆಯ್ತು ಸಾಕು’. ‘ಮುಗಿಯಿತು’ ಅನ್ನುವುದಕ್ಕಿಂತ ‘ಆಯ್ತು’ ಅನ್ನುವುದೇ ಖಲಾಸ್‌ಗೆ ಹತ್ತಿರ. ಅಲ್ಲಿಗೇ ನಿಲ್ಲುವುದಿಲ್ಲ ಈ ನಂಟು. ಕೊಲ್ಲಿಯಲ್ಲಿ ನಮ್ಮವರು, ಬಂಗಾಳಿಗಳು, ಪಠಾಣರು, ಫಿಲಿಪೀನ್ಸಿನವರು ಅರಬರ ಜೊತೆ ಆಡುವ ಮುರುಕು ಅರಬಿ ಇದೆಯಲ್ಲ, ಅದನ್ನು ಭಾಷಾಶಾಸ್ತ್ರಜ್ಞರು ಒಂದು ಪಿಜಿನ್, ಅಂದರೆ ಬೇರೆ ಬೇರೆ ಭಾಷೆಯವರು ಸೇರಿದಲ್ಲಿ ಹುಟ್ಟುವ ಸರಳ ಬೆರಕೆ ಮಾತು, ಎಂದೇ ಅಧ್ಯಯನ ಮಾಡಿದ್ದಾರೆ. ಅದರಲ್ಲಿ ಕ್ರಿಯಾಪದದ ರೂಪಗಳೆಲ್ಲ ಉದುರಿಹೋಗಿವೆ. ಭೂತಕಾಲ ಹೇಳುವುದು ಹೇಗೆ? ಕ್ರಿಯಾಪದದ ಜೊತೆ ‘ಖಲಾಸ್’ ಸೇರಿಸಿಬಿಡುವುದು. ‘ಹುವಾ ಖಲಾಸ್ ರೂಹ್’: ಅವನು ಹೋಗಿ ಆಯ್ತು. ನಮ್ಮ ‘ಊಟ ಮಾಡಿ ಆಯ್ತು’, ‘ಬರೆದಾಯಿತು’ ಇದೇ ಅಚ್ಚಿನವು. ಸುಡಾನಿನ ದಕ್ಷಿಣಕ್ಕೆ ಹುಟ್ಟಿದ ಜೂಬಾ ಅರಬಿಯಲ್ಲಿ, ಕೀನ್ಯಾ ಮತ್ತು ಉಗಾಂಡಾದಲ್ಲಿ ನೆಲೆಸಿದ ನೂಬಿ ಜನರ ಮಾತಿನಲ್ಲಿ ಕೂಡ ಈ ಪದ ‘ಕಲಾಸ್’ ಆಗಿ ಇದೇ ಕೆಲಸಕ್ಕೆ ನಿಂತಿದೆ. ಜೂಬಾ, ನೂಬಿ ಎರಡೂ ಒಂದೇ ಮೂಲದವು, ಆದರೆ ಕೊಲ್ಲಿಯವರು ಅವರನ್ನು ನೋಡಿ ಕಲಿತದ್ದಲ್ಲ. ಕೊಲ್ಲಿಯ ಕಾರ್ಮಿಕರ ಕ್ಯಾಂಪಿನ ಅರಬಿಯನ್ನು ‘ಮುರುಕು’ ಅಂತ ನಗುವವರು ಇದನ್ನೂ ನೋಡಬೇಕು. ಶಾಲೆ, ಪುಸ್ತಕ ಯಾವುದೂ ಇಲ್ಲದೆ ದುಡಿಯುವ ಜನ ತಮಗೆ ಬೇಕಾದ ವ್ಯಾಕರಣವನ್ನು ಕೈಗೆ ಸಿಕ್ಕ ಪದದಿಂದ ಕಟ್ಟಿಕೊಂಡಿದ್ದಾರೆ.

ಈಗ ಬೇರಿಗೆ ಹೋಗೋಣ. ಅರಬಿಯಲ್ಲಿ ಹೆಚ್ಚಿನ ಪದಗಳಿಗೆ ಮೂರು ವ್ಯಂಜನದ ಬೇರು ಇರುತ್ತದೆ ಅನ್ನುವುದು ನಿಮಗೆ ಗೊತ್ತಿರಬಹುದು. ಕ-ತ-ಬದಿಂದ ಕಿತಾಬ್, ಕಾತಿಬ್, ಮಕ್ತಬ್. ಹಾಗೆ ಇಲ್ಲಿ ಖ-ಲ-ಸ. ಈ ‘ಸ’ ನಮ್ಮ ಸಾಧಾರಣ ‘ಸ’ ಅಲ್ಲ. ನಾಲಿಗೆಯ ಹಿಂಭಾಗ ಎತ್ತಿ ಹೇಳುವ ದಪ್ಪ ‘ಸ’, ಸ್ವಾದ್ ಅಕ್ಷರ. ಅದರಿಂದಾಗಿಯೇ ಅರಬರ ಬಾಯಲ್ಲಿ ಹಿಂದಿನ ‘ಲಾ’ ಸ್ವಲ್ಪ ಗುಂಡಗೆ ಕೇಳಿಸುತ್ತದೆ. ‘ಖ’ ಕೂಡ ನಮ್ಮ ಮಹಾಪ್ರಾಣವಲ್ಲ, ಗಂಟಲು ಕೆರೆದ ಹಾಗೆ ಬರುವುದು.

ಬೇರಿನ ಮೊದಲ ಅರ್ಥ ಕುರಾನಿನ ಒಂದು ವಾಕ್ಯದಲ್ಲಿ ಚೆನ್ನಾಗಿ ಕಾಣಿಸುತ್ತದೆ. 16ನೇ ಅಧ್ಯಾಯದ 66ನೇ ವಾಕ್ಯ. ದನಕರುಗಳಲ್ಲಿ ನಿಮಗೊಂದು ಪಾಠವಿದೆ, ಅವುಗಳ ಹೊಟ್ಟೆಯಲ್ಲಿ ಸಗಣಿಗೂ ರಕ್ತಕ್ಕೂ ನಡುವಿನಿಂದ ನಿಮಗೆ ಹಾಲು ಕುಡಿಸುತ್ತೇವೆ ಅಂತ ಬರುತ್ತದೆ. ಆ ಹಾಲಿಗೆ ಕೊಟ್ಟ ವಿಶೇಷಣ ‘ಖಾಲಿಸ್’. ಒಂದು ಕಡೆ ಕಸ, ಒಂದು ಕಡೆ ರಕ್ತ, ಎರಡರ ನಡುವಿನಿಂದ ಯಾವುದೂ ಸೋಂಕದೆ ಬಿಡಿಸಿಕೊಂಡು ಬಂದದ್ದು. ಕುರಾನಿನಲ್ಲಿ ಬರುವ ಪ್ರವಾದಿ ಯೂಸುಫರ ಕಥೆಯಲ್ಲೂ ಇದೇ ಬೇರಿನ ಕ್ರಿಯಾಪದ ಬರುತ್ತದೆ. ಅಣ್ಣಂದಿರು ಆಸೆ ಕಳೆದುಕೊಂಡು ಗುಂಪಿನಿಂದ ಬೇರೆಯಾಗಿ ಗುಟ್ಟಾಗಿ ಮಾತಾಡಲು ಸರಿದರು ಅನ್ನುವಲ್ಲಿ. ಬೆರಕೆಯಿಂದ ಬೇರೆಯಾಗುವುದೇ ಎರಡು ಕಡೆಯೂ ಇರುವ ತಿರುಳು.

ನನಗೆ ಇದಕ್ಕಿಂತ ಇಷ್ಟವಾದದ್ದು ಹಳೆಯ ನಿಘಂಟುಕಾರರು ಕೊಡುವ ಅಡುಗೆಮನೆಯ ವಿವರ. 13ನೇ ಶತಮಾನದ ಕೊನೆಯಲ್ಲಿ ಇಬ್ನ್ ಮಂಜೂರ್ ಕಟ್ಟಿದ ಬೃಹತ್ ಅರಬಿ ನಿಘಂಟಿನಲ್ಲಿ ‘ಖುಲಾಸಾ’ ಪದದ ಕೆಳಗೆ ತುಪ್ಪ ಕಾಸುವ ಕ್ರಮವೇ ಇದೆ. ಬೆಣ್ಣೆ ಕಾಯಿಸುವಾಗ ಅದಕ್ಕೆ ಸ್ವಲ್ಪ ಹುರಿದ ಹಿಟ್ಟು, ಖರ್ಜೂರ ಹಾಕುತ್ತಾರೆ. ಗಸಿ ಕೆಳಗಿಳಿದು ಮೇಲೆ ತಿಳಿಯಾಗಿ ನಿಂತ ತುಪ್ಪವೇ ಖುಲಾಸಾ. ನಮ್ಮಲ್ಲಿ ವೀಳ್ಯದೆಲೆಯನ್ನೋ ನುಗ್ಗೆಸೊಪ್ಪನ್ನೋ ಹಾಕುತ್ತಾರಲ್ಲ, ಹಾಗೆ. ತುಪ್ಪ ಕಾಸಿದವರಿಗೆ ಆ ಗಳಿಗೆ ಗೊತ್ತು. ನೊರೆ ಇಳಿಯುತ್ತದೆ, ಚಟಪಟ ಸದ್ದು ನಿಲ್ಲುತ್ತದೆ, ತಳ ಕಾಣಿಸುತ್ತದೆ, ಒಲೆ ಆರಿಸಬೇಕು. ತಿಳಿಯಾದದ್ದೂ ಕೆಲಸ ಆದದ್ದೂ ಒಂದೇ ಕ್ಷಣ. ಶುದ್ಧ ಅನ್ನುವ ಅರ್ಥದಿಂದ ‘ಆಯ್ತು’ ಅನ್ನುವ ಅರ್ಥಕ್ಕೆ ಈ ಬೇರು ದಾಟಿದ್ದರಲ್ಲಿ ನನಗೆ ಆಶ್ಚರ್ಯವೇನೂ ಕಾಣುವುದಿಲ್ಲ.

ದಾಟಿದ ದಾರಿಯಲ್ಲಿ ಈ ಬೇರು ಬಿಟ್ಟುಹೋದ ಪದಗಳು ಬಹಳ. ‘ಇಖ್ಲಾಸ್’ ಅಂದರೆ ನಿಷ್ಕಪಟ ಭಕ್ತಿ, ಬೆರಕೆಯಿಲ್ಲದ ಮನಸ್ಸು. ಕುರಾನಿನ 112ನೇ ಅಧ್ಯಾಯದ ಹೆಸರು ಅದೇ, ನಾಲ್ಕೇ ವಾಕ್ಯ. ಆದರೆ ಆ ನಾಲ್ಕು ವಾಕ್ಯಗಳ ಒಳಗೆ ‘ಇಖ್ಲಾಸ್’ ಅನ್ನುವ ಪದ ಎಲ್ಲೂ ಇಲ್ಲ. ಅರಬ್ ಕ್ರೈಸ್ತರು ಯೇಸುವನ್ನು ‘ಅಲ್ ಮುಖಲ್ಲಿಸ್’ ಅನ್ನುತ್ತಾರೆ, ಬಿಡಿಸುವವನು, ರಕ್ಷಕ. ಲೆಬನಾನಿನ ಸೈದಾ ಹತ್ತಿರ ಜೂನ್ ಎಂಬ ಊರಿನಲ್ಲಿ ಅದೇ ಹೆಸರಿನ ದೊಡ್ಡ ಮಠವಿದೆ. ಅವರ ಪ್ರಾರ್ಥನೆಯಲ್ಲಿ ‘ಖಲಾಸ್’ ಅಂದರೆ ಮುಕ್ತಿ. ಅದೇ ಪ್ರಾರ್ಥನೆ ಮುಗಿಸಿ ಹೊರಬಂದವರು ಟ್ಯಾಕ್ಸಿಯವನಿಗೆ ‘ಖಲಾಸ್, ಇಲ್ಲೇ ನಿಲ್ಲಿಸು’ ಅನ್ನುತ್ತಾರೆ. ಬಂದರುಗಳಲ್ಲಿ ಸುಂಕದ ಕಟ್ಟೆಯಿಂದ ಸರಕು ಬಿಡಿಸಿಕೊಡುವ ಏಜೆಂಟನೂ ‘ಮುಖಲ್ಲಿಸ್’ ಕುಲದವನೇ. ಹೆರಿಗೆಯ ನಂತರ ಬೀಳುವ ಮಾಸಿಗೂ ಅರಬಿಯಲ್ಲಿ ‘ಖಲಾಸ್’ ಅನ್ನುವುದುಂಟು. ಇನ್ನು ನೀವು ಊರಿಗೆ ತರುವ ಖರ್ಜೂರದ ಡಬ್ಬಿಗಳಲ್ಲಿ ಕೆಲವದರ ಮೇಲೆ ‘ಖಲಾಸ್’ ಅಂತ ಬರೆದಿರುತ್ತದೆ. ಸ್ಟಾಕ್ ಮುಗಿದಿದೆ ಅಂತ ತಿಳಿಯಬೇಡಿ. ಅದು ಸೌದಿಯ ಅಲ್ ಅಹ್ಸಾ ಓಯಸಿಸ್‌ನ ಹೆಸರುವಾಸಿ ತಳಿ.

ಕವಿಗಳ ವಿಷಯಕ್ಕೆ ಎರಡು ಮಾತು. ಉರ್ದು ಕವಿ ತನ್ನ ಕಾವ್ಯನಾಮಕ್ಕೆ ‘ತಖಲ್ಲುಸ್’ ಅನ್ನುತ್ತಾನೆ. ಅರಬಿ ಕಾವ್ಯಶಾಸ್ತ್ರದಲ್ಲಿ ಅದಕ್ಕೆ ಬೇರೆಯೇ ಅರ್ಥವಿತ್ತು. ದೊಡ್ಡ ಕವಿತೆಯಲ್ಲಿ ಪ್ರೇಮದ ಪೀಠಿಕೆಯಿಂದ ಬಿಡಿಸಿಕೊಂಡು ಮುಖ್ಯ ವಿಷಯಕ್ಕೆ ಜಾಣತನದಿಂದ ಜಾರುವುದು ತಖಲ್ಲುಸ್. ಫಾರಸಿ ಗಜಲಿನಲ್ಲಿ ಅದು ಕೊನೆಯ ದ್ವಿಪದಿಯಲ್ಲಿ ಕವಿ ತನ್ನ ಹೆಸರು ಹಾಕುವ ಪದ್ಧತಿಯಾಯಿತು. ಬಿಜಾಪುರದ ಎರಡನೇ ಅಲಿ ಆದಿಲ್ ಶಾಹನ ಆಸ್ಥಾನದಲ್ಲಿದ್ದ ದಖನಿ ಕವಿಯನ್ನು ನಾವು ‘ನುಸ್ರತಿ’ ಅಂತ ಕರೆಯುವುದು ಅವನ ತಖಲ್ಲುಸ್‌ನಿಂದ. ವಚನದಲ್ಲಿ, ದಾಸರ ಪದಗಳಲ್ಲಿ ಕೊನೆಗೆ ಬರುವ ಅಂಕಿತ ಕೂತಿರುವುದೂ ಅದೇ ಜಾಗದಲ್ಲಿ. ಒಂದೇ ವ್ಯತ್ಯಾಸ: ನಮ್ಮ ಶರಣರೂ ದಾಸರೂ ಅಲ್ಲಿ ಹಾಕುವುದು ದೇವರ ಹೆಸರು.

ಇನ್ನೊಂದು ಕವಲು ನಮ್ಮ ಬೀದರಿಗೆ ಬಂದು ಮುಟ್ಟುತ್ತದೆ. ಮೊಗಲರ ಕಾಲದಲ್ಲಿ ಯಾವ ಜಾಗೀರುದಾರನಿಗೂ ಸೇರದೆ ನೇರ ಬಾದಶಹನ ಖಜಾನೆಗೆ ಕಂದಾಯ ಬರುವ ಭೂಮಿಗೆ ‘ಖಾಲಿಸಾ’ ಅನ್ನುತ್ತಿದ್ದರು. ನಡುವೆ ಯಾರೂ ಇಲ್ಲದ್ದು, ಬೆರಕೆಯಿಲ್ಲದ್ದು. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಕಟ್ಟಿದ ಖಾಲ್ಸಾ ಪಂಥದ ಹೆಸರು ಇದೇ ಬೇರಿನದು. ಅಂದು ಗುರುಗಳು ಕೇಳಿದಾಗ ತಲೆ ಕೊಡಲು ಎದ್ದು ನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರು ಬೀದರಿನವರು.

ಇದೇ ಬೇರಿನ ಹೆಸರು ಹೊತ್ತ ಖಲಾಸಿಗಳನ್ನು ಕರಾವಳಿಯವರಿಗೆ ನಾನು ಪರಿಚಯಿಸಬೇಕಾಗಿಲ್ಲ. ಹಡಗಿನ ಹಗ್ಗ ಹಿಡಿದವರು, ಗುಡಾರ ಹೊಡೆದವರು, ಬ್ರಿಟಿಷರ ಸರ್ವೆಯಲ್ಲಿ ಸರಪಳಿ ಹೊತ್ತವರು, ಆಮೇಲೆ ರೈಲ್ವೆಯಲ್ಲಿ ಸೇರಿದವರು ಎಲ್ಲರಿಗೂ ಆ ಹೆಸರು. ಮಲಯ ಭಾಷೆಯಲ್ಲೂ ನಾವಿಕನಿಗೆ ‘ಕೆಲಾಸಿ’. 1988ರ ಜುಲೈ 8ರಂದು ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೊರಟಿದ್ದ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೇರಳದ ಪೆರುಮಣ್ ಸೇತುವೆಯಲ್ಲಿ ಹಳಿ ತಪ್ಪಿ ಅಷ್ಟಮುಡಿ ಸರೋವರಕ್ಕೆ ಬಿತ್ತು. ನೂರಕ್ಕೂ ಹೆಚ್ಚು ಜನ ಸತ್ತರು. ಮುಳುಗಿದ ಬೋಗಿಗಳನ್ನು ಮೇಲೆತ್ತಲು ಕರೆಸಿದ್ದು ಬೇಪೂರಿನ ಮಾಪಿಳ್ಳ ಖಲಾಸಿಗಳನ್ನು. ಉರು ಎಂಬ ದೊಡ್ಡ ಮರದ ಹಡಗುಗಳನ್ನು ಕಟ್ಟಿ ನೀರಿಗಿಳಿಸುವವರ ಹಗ್ಗ, ರಾಟೆ, ಒಕ್ಕೊರಲಿನ ಕೂಗು ಆ ಕೆಲಸಕ್ಕೂ ಒದಗಿತು.

ಈಗ ನಾನು ಇಷ್ಟು ಹೊತ್ತು ಕಾದಿಟ್ಟ ಪದಕ್ಕೆ ಬರುತ್ತೇನೆ. ನಾಳೆ ಬೆಳಿಗ್ಗೆ ಯಾವುದೇ ಕನ್ನಡ ಪತ್ರಿಕೆ ತೆಗೆಯಿರಿ, ಒಳಪುಟದಲ್ಲಿ ಎಲ್ಲಾದರೂ ‘ಆರೋಪಿಗಳ ಖುಲಾಸೆ’ ಅಂತ ಒಂದು ತಲೆಬರಹ ಸಿಕ್ಕರೂ ಸಿಗಬಹುದು. ಇದು ಆ ತುಪ್ಪದ ‘ಖುಲಾಸಾ’ವೇ. ಈ ಒಂದು ಪದ ನಾಲ್ಕು ಕಡೆ ನಾಲ್ಕು ರೀತಿ ತಿರುಗಿದ್ದು ನೋಡಿ. ಅರಬಿ, ಉರ್ದು, ತುರ್ಕಿಯಲ್ಲಿ ಅದು ಸಾರಾಂಶ. ನಮ್ಮ ಕರಾವಳಿಯ ದರ್ಸ್‌ಗಳಲ್ಲಿ, ಅಂದರೆ ಮಸೀದಿಯ ಪಾಠಶಾಲೆಗಳಲ್ಲಿ, ಓದಿಸುವ ಇಬ್ನ್ ಮಾಲಿಕರ ಸಾವಿರ ಸಾಲಿನ ವ್ಯಾಕರಣ ಪದ್ಯವನ್ನು ಎಲ್ಲರೂ ‘ಅಲ್ಫಿಯಾ’ ಅನ್ನುತ್ತಾರೆ, ಅದರ ಇನ್ನೊಂದು ಹೆಸರು ‘ಖುಲಾಸಾ’. ದೊಡ್ಡ ಗ್ರಂಥ ಕಾಸಿ ಇಳಿಸಿದ ತಿಳಿ. ಹಿಂದಿಯಲ್ಲಿ ‘ಖುಲಾಸಾ’ ಅಂದರೆ ಬಯಲು ಮಾಡುವುದು, ಟಿವಿಯವರು ದಿನಕ್ಕೆ ನಾಲ್ಕು ಸಲ ‘ಬಡಾ ಖುಲಾಸಾ’ ಮಾಡುತ್ತಾರೆ. ಮರಾಠಿಯಲ್ಲಿ ಅದು ಸ್ಪಷ್ಟೀಕರಣ, ವಿವರಣೆ. ಕನ್ನಡದಲ್ಲಿ ಮಾತ್ರ ಅದು ಕೋರ್ಟಿನ ಕಟಕಟೆ ಹತ್ತಿ ಆರೋಪಮುಕ್ತಿಯಾಯಿತು. ಅರಬ್ ನ್ಯಾಯಾಲಯದಲ್ಲಿ ನಿಂತು ‘ನನಗೆ ಖುಲಾಸಾ ಕೊಡಿ’ ಅಂದರೆ ಕೇಸಿನ ಸಾರಾಂಶದ ಕಾಗದ ಕೈಗೆ ಬಂದೀತು. ಅವರಲ್ಲಿ ಆರೋಪಮುಕ್ತಿಗೆ ‘ಬರಾಅತ್’ ಅನ್ನುತ್ತಾರೆ.

ನಾವು ಅರ್ಥ ಕೆಡಿಸಿದೆವು ಅಂತ ಕೆಲವರು ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಜಾಮೀನಿನ ಮೇಲೆ ಹೊರಬಂದವನನ್ನು ಕನ್ನಡ ವರದಿಗಾರ ‘ಬಿಡುಗಡೆಯಾದ’ ಅಂತ ಬರೆಯುತ್ತಾನೆ, ‘ಖುಲಾಸೆಯಾದ’ ಅಂತ ಬರೆಯುವುದಿಲ್ಲ. ಬಾಗಿಲು ತೆರೆದದ್ದಷ್ಟೇ ಖುಲಾಸೆಯಲ್ಲ. ಆರೋಪದ ಗಸಿ ಕೆಳಗಿಳಿದು ಮನುಷ್ಯ ಬೇರೆಯಾಗಬೇಕು. ‘ಖಲಾಸ್’ ಅನ್ನುವಲ್ಲಿ ನಾವು ಕಳೆದುಕೊಂಡ ಅರ್ಥವನ್ನು ‘ಖುಲಾಸೆ’ಯಲ್ಲಿ ನಮ್ಮ ವಕೀಲರು, ಗುಮಾಸ್ತರು ಭದ್ರವಾಗಿ ಇಟ್ಟುಕೊಂಡಿದ್ದಾರೆ. ನಮ್ಮ ಅಚ್ಚ ಕನ್ನಡದ ‘ತೀರು’ ಧಾತುವನ್ನೂ ಒಮ್ಮೆ ನೆನೆಯಿರಿ. ಸಾಲ ತೀರುತ್ತದೆ, ಕೆಲಸ ತೀರುತ್ತದೆ, ಹಿರಿಯರು ತೀರಿಕೊಳ್ಳುತ್ತಾರೆ, ನ್ಯಾಯಾಧೀಶರು ಕೊಡುವುದು ತೀರ್ಪು. ಅರಬಿಯ ಬೇರು ಎಲ್ಲೆಲ್ಲಿ ಓಡಾಡಿತೋ ಸುಮಾರಾಗಿ ಅದೇ ಬೀದಿಗಳಲ್ಲಿ ನಮ್ಮ ಧಾತುವೂ ಓಡಾಡಿದೆ.

ಒಂದು ಎಚ್ಚರಿಕೆ ಹೇಳಿ ನಿಲ್ಲಿಸುತ್ತೇನೆ. ಇದೇ ಪದ ಹಿಡಿದುಕೊಂಡು ಅರಬ್ ಜಗತ್ತಿನ ಪಶ್ಚಿಮದ ತುದಿಗೆ ಹೋಗಬೇಡಿ. ಮೊರಾಕೊದಲ್ಲಿ ‘ಖಲ್ಲಸ್’ ಅಂದರೆ ಹಣ ಕೊಡು. ‘ಖ್ಲಾಸ್’ ಅಂದರೆ ಸಂಬಳ, ಪಾವತಿ. ಸಾಲ ತೀರಿಸಿ ಬಿಡಿಸಿಕೊಳ್ಳುವುದು ಅಲ್ಲಿ ಉಳಿದ ಅರ್ಥ. ಹಾಗಾದರೆ ‘ಆಯ್ತು, ಸಾಕು’ ಅನ್ನುವುದಕ್ಕೆ ಅವರು ಏನನ್ನುತ್ತಾರೆ? ‘ಸಾಫಿ.’ ಸ್ವಚ್ಛ, ತಿಳಿ. ನಮ್ಮ ‘ಸಾಫ್’ ಅದರ ಒಡಹುಟ್ಟು. ಪದ ಬದಲಾದರೂ ಮೊರಾಕೊದವರು ದಾರಿ ಬದಲಿಸಲಿಲ್ಲ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತಿದ್ದೇನೆ.

‘ಖಾಲಿ’, ‘ಖಾಸಗಿ’ ಇವೂ ಇದೇ ಕುಟುಂಬದವೇ ಅಂತ ಒಬ್ಬರು ಕೇಳಿದರು. ಅಲ್ಲ. ‘ಖಾಲಿ’ಯ ಬೇರು ಖ-ಲ-ವ, ಬರಿದಾಗಿರುವುದು. ‘ಖಾಸ್’ ಮತ್ತು ಅದರಿಂದ ಬೆಳೆದ ‘ಖಾಸಗಿ’ಯ ಬೇರು ಖ-ಸ-ಸ, ವಿಶೇಷವಾಗಿ ಒಬ್ಬರಿಗೆ ಸೇರಿದ್ದು. ಡಬ್ಬಿ ಖಾಲಿಯಾದದ್ದಕ್ಕೂ ಸಕ್ಕರೆ ಖಲಾಸ್ ಆದದ್ದಕ್ಕೂ ಮನೆಯಲ್ಲಿ ವ್ಯತ್ಯಾಸ ಕಾಣದೆ ಇರಬಹುದು, ಬೇರಿನಲ್ಲಿ ಸಂಬಂಧವಿಲ್ಲ.

ಮುಂದಿನ ತಿಂಗಳು ಮೊದಲ ಸಲ ಹೊರಡುವ ಹುಡುಗನೊಬ್ಬ ಕೇಳಿದ್ದು: ‘ಸರ್, ಅಲ್ಲಿ ಮೇಲಿನವರು ಕೆಲಸ ಹೇಳಿದರೆ ನಾನು ಖಲಾಸ್ ಅನ್ನಬಹುದಾ?’ ಅನ್ನದಿರುವುದು ಒಳ್ಳೆಯದು. ಗೆಳೆಯರ ನಡುವೆ ಅದು ‘ಆಯ್ತು’. ಹಿರಿಯರಿಗೆ, ಯಜಮಾನರಿಗೆ ಬೋಳಾಗಿ ಹೇಳಿದರೆ ‘ಸಾಕು ಬಿಡು’ ಅಂದ ಹಾಗೂ ಕೇಳಿಸೀತು, ‘ಆಗಲೇ ಮಾಡಿಯಾಯಿತು’ ಅಂದ ಹಾಗೂ ಕೇಳಿಸೀತು. ಒಪ್ಪಿಕೊಳ್ಳುವುದಕ್ಕೆ ‘ಹಾದಿರ್’ ಅನ್ನಿ. ನಮ್ಮ ಶಾಲೆಯ ಹಾಜರಿ ಪುಸ್ತಕದ ‘ಹಾಜರ್’ ಅದೇ. ಅಲ್ಲಿ ಅದಕ್ಕೆ ‘ಆಗಲಿ ಸ್ವಾಮಿ, ಇಗೋ ಮಾಡಿದೆ’ ಅನ್ನುವ ವಿನಯವಿದೆ. ಕೆಲಸ ನಿಜವಾಗಿ ಆದ ಮೇಲೆ ಹೋಗಿ ‘ಖಲಾಸ್’ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ.